ಎರಡನೆಯ ಅರ್ಜಿ

ಕೌಂಟರಿನ ಆಚೆ ಕೂತಿದ್ದ ಹೆಂಗಸು ಎದ್ದುಹೋಗಿ ಕಿಟಕಿ ತೆರೆದದ್ದು ತನ್ನ ಕೈಯ ಈರುಳ್ಳಿ ವಾಸನೆ ತಾಳಲಾರದೆಯೇ ಎಂದು ಮೆಲಾನಿಯಾಗೆ ಖಚಿತವಾಗಿಬಿಟ್ಟಿತು. ಮಾರ್ಚ್ ತಿಂಗಳಲ್ಲಿ, ಇನ್ನೂ ಹಿಮ ಕರಗದ ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಬೆಟ್ಟಗಳ ನಡುವೆ, ಯಾವ ಪುಣ್ಯಾತ್ಗಿತ್ತಿ ಸುಮ್ಮನೆ ಕಿಟಕಿ ತೆರೆಯುತ್ತಾಳೆ? ಬೆಳಗಿನ ಆರು ಗಂಟೆಯಿಂದ ಅವಳು ಚರ್ಚಿನ ನೆಲಮಾಳಿಗೆಯಲ್ಲಿ ಉಳಿದ ಹೆಂಗಸರ ಜೊತೆ ಕೂತು ಆಲೂಗಡ್ಡೆ ಕಡುಬಿನ ಅಂಚು ಒತ್ತುತ್ತಿದ್ದಳು. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಇಡೀ ಊರು ಸಾಲು ನಿಂತು ಕೊಂಡುಹೋಗುವ ಕಡುಬು ಅದು. ಒಬ್ಬಳು ಎದ್ದರೆ ಉಳಿದವರ ಕೈ ಸೋಲುತ್ತದೆ. ಮಧ್ಯಾಹ್ನ ಅವಳು ಏಪ್ರನ್ ಬಿಚ್ಚಿಟ್ಟು ಹೊರಟಾಗ ಪಕ್ಕದವಳು ಅವಳ ಪಾಲಿನ ಹಿಟ್ಟನ್ನು ತನ್ನತ್ತ ಎಳೆದುಕೊಂಡಳು. ಅದೇ ಚುಚ್ಚಿತು. ಶಾಲೆಯ ಊಟದ ಮನೆಯಲ್ಲಿ ಮುನ್ನೂರು ಮಕ್ಕಳನ್ನು ಗದರಿಸಿ ಬಡಿಸುವ ನಲವತ್ಮೂರರ ಹೆಂಗಸು ಈಗ ಜಿಲ್ಲಾ ಕೋರ್ಟಿನ ದಾಖಲೆ ಕಚೇರಿಯಲ್ಲಿ ಕೈಗಳನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದಳು. ಬಚ್ಚಿಟ್ಟ ಕೈಯಲ್ಲಿ ಫಾರಂ ತುಂಬುವುದು ಹೇಗೆ?

ಕೊನೆಗೂ ತುಂಬಿದಳು. ಪೌರತ್ವ ಕೋರಿದವನ ಹೆಸರು: ಮಿಹಾಲ್ ಟಿಮ್ಕೋ. ಹುಟ್ಟಿದ ದೇಶ: ಇಲ್ಲಿ ಅವಳ ಪೆನ್ನು ನಿಂತಿತು. ಅಜ್ಜ ಬಂದ ಕಾರ್ಪಾಥಿಯನ್ ಬೆಟ್ಟದ ಹಳ್ಳಿ ಅಂದು ಒಬ್ಬ ಚಕ್ರವರ್ತಿಯದಾಗಿತ್ತು, ಆಮೇಲೆ ಇನ್ನೊಂದು ದೇಶದ್ದಾಯಿತು, ಈಗ ಮೂರನೆಯದರದ್ದು. ಅದನ್ನು ಹಾಗೇ ಬಿಟ್ಟಳು. ಅದರ ಕೆಳಗಿನ ಸಾಲು, 'ಈತನಿಗೆ ಬೇರೆ ಹೆಸರಿದ್ದಲ್ಲಿ' ಎಂಬುದು. ಆ ಖಾಲಿ ಗೆರೆಗಾಗಿಯೇ ಅವಳು ಇಷ್ಟು ದೂರ ಬಂದದ್ದು.

"ಇದು ಖಾಲಿ ಇದೆಯಲ್ಲ," ಎಂದಳು ಆ ಹೆಂಗಸು. ಎದೆಯ ಮೇಲಿನ ಬಿಲ್ಲೆಯಲ್ಲಿ 'ಮಿಸೆಸ್ ಪ್ರೈಸ್' ಎಂದಿತ್ತು. ವೇಲ್ಸಿನವರು. ಒಂದು ಕಾಲಕ್ಕೆ ಗಣಿಯಲ್ಲಿ ಇವರದೇ ಯಜಮಾನಿಕೆ, ಆ ಕಾರ್ಪಾಥಿಯನ್ ಹಳ್ಳಿಗಳಿಂದ ಬಂದ ನಮ್ಮವರದು ಬೆನ್ನು ಬಗ್ಗಿಸುವ ಕೆಲಸ. ಗಣಿಗಳೆಲ್ಲ ಮುಚ್ಚಿ ಇಪ್ಪತ್ತು ವರ್ಷವಾದರೂ ಕೌಂಟರಿನ ಯಾವ ಬದಿಗೆ ಯಾರು ನಿಲ್ಲಬೇಕು ಎಂಬುದು ಮಾತ್ರ ಹಾಗೇ ಉಳಿದಂತಿತ್ತು.

"ಅದೇ ಗೊತ್ತಿಲ್ಲ. ಅದನ್ನ ಹುಡುಕೋಕೇ ಬಂದೆ."

"ಅಂದ್ರೆ ನಿಮ್ಮಜ್ಜನ ಹೆಸರೇನು ಅಂತ ನಾನು ನಿಮಗೆ ಹೇಳಬೇಕು."

"ಟಿಮ್ಕೋ ಅನ್ನೋದು ಅವರ ಹೆಸರಲ್ಲವಂತೆ."

"ಯಾರು ಹೇಳಿದ್ದು?"

"ಅಜ್ಜನೇ."

ಮಿಸೆಸ್ ಪ್ರೈಸ್ ಅವಳನ್ನೊಮ್ಮೆ ಕನ್ನಡಕದ ಮೇಲಿನಿಂದ ನೋಡಿ, "ನಾಲ್ಕೂವರೆಗೆ ಬಾಗಿಲು ಹಾಕ್ತೀವಿ, ಈಗಲೇ ಹೇಳಿರ್ತೀನಿ," ಎಂದು ಒಳಗೆ ಹೋದಳು. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು.

ಅಜ್ಜ ಹೇಳಿದ್ದನ್ನು ಮೆಲಾನಿಯಾ ಕೇಳಿದವಳಲ್ಲ. ಅವಳು ಹುಟ್ಟುವ ಮುಂಚೆಯೇ, ನಲವತ್ಮೂರನೇ ಇಸವಿಯಲ್ಲಿ ಅವನು ತೀರಿಕೊಂಡಿದ್ದ. ಹೇಳಿದ್ದು ಅಪ್ಪ, ಕಳೆದ ಭಾನುವಾರ, ಆಸ್ಪತ್ರೆಯಲ್ಲಿ. ಆಮ್ಲಜನಕದ ಮುಖವಾಡವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, ಒಂದೊಂದು ಉಸಿರಿಗೆ ನಾಲ್ಕು ನಾಲ್ಕು ಮಾತಿನಂತೆ ಹೇಳಿದ. ಮೂವತ್ತು ವರ್ಷ ನುಂಗಿದ ಕಲ್ಲಿದ್ದಲ ಧೂಳು ಈಗ ಅವನ ಎದೆಯಲ್ಲಿ ಗಾರೆಯಂತೆ ಗಟ್ಟಿಯಾಗಿತ್ತು. "ಅಪ್ಪ ಸಾಯೋ ದಿನ ನನ್ನನ್ನ ಹತ್ರ ಕರೆದ. ಸತ್ತವರ ಪಟ್ಟಿಯಲ್ಲಿ ಮಿಹಾಲ್ ಅಂತ ಓದಿಸಬೇಡ ಕಣೋ ನಿಕ್, ಅದು ನಾನಲ್ಲ ಅಂದ. ನಾನು ಕೇಳಬೇಕಿತ್ತು, ಮತ್ತೆ ನೀನ್ಯಾರು ಅಂತ. ಕೇಳಲಿಲ್ಲ. ಎದ್ದು ಜಗುಲಿಗೆ ಹೋಗಿ ಸಿಗರೇಟು ಸೇದಿದೆ. ಒಳಗೆ ಬಂದಾಗ ಮುಗಿದಿತ್ತು." ಮುಖವಾಡ ಇಳಿಸಿ ಉಸಿರು ತುಂಬಿಕೊಂಡು ಮತ್ತೆ ಎತ್ತಿದ. "ನಲವತ್ತನಾಲ್ಕು ವರ್ಷದಿಂದ ಮಿಹಾಲ್ ಅಂತಲೇ ಓದಿಸ್ತಿದ್ದೀನಿ. ಅವನ ಹೆಸರು ಏನು ಅಂತ ನೋಡು ಮೆಲ್ಲಿ. ನಾನು ಹೋಗೋದ್ರೊಳಗೆ ನೋಡು." ವೈದ್ಯರು ಈ ಗುರುವಾರ ಅವಳನ್ನು ಪಡಸಾಲೆಗೆ ಕರೆದು, ವಾರಗಳ ಲೆಕ್ಕ ಬೇಡ, ದಿನಗಳ ಲೆಕ್ಕ ಇಟ್ಟುಕೊಳ್ಳಿ ಎಂದಿದ್ದರು.

ನಮ್ಮವರ ಪ್ರತಿ ಮನೆಗೂ ಒಂದು ಪುಟ್ಟ ಪುಸ್ತಕವಿರುತ್ತದೆ, ಆ ಮನೆಯಲ್ಲಿ ಸತ್ತವರ ಹೆಸರುಗಳದ್ದು. ಉಪವಾಸದ ಶನಿವಾರಗಳಲ್ಲಿ ಪಾದ್ರಿ ಅವನ್ನೆಲ್ಲ ಒಂದೊಂದಾಗಿ ಓದುತ್ತಾರೆ. ಮನೆತನದ ಹೆಸರಿಲ್ಲ, ಊರಿಲ್ಲ, ಬರಿ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು. ಅನ್ನಾ, ಪೆತ್ರೋ, ಮಿಹಾಲ್. ಓದುವುದನ್ನು ಮರೆತರೆ ಆ ಜೀವ ಹೊಸ್ತಿಲಲ್ಲೇ ನಿಂತಿರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಾಳೆ ಶನಿವಾರ. ಮೆಲಾನಿಯಾಗೆ ಇದರಲ್ಲೆಲ್ಲ ಎಷ್ಟು ನಂಬಿಕೆ ಎಂದರೆ ಅವಳೇ ಹೇಳಲಾರಳು. ಆದರೆ ಮಂಡಿಯೂರಿ ಕೂತಾಗ ಪಾದ್ರಿ ಯಾರದೋ ಮನೆಯ ಹೆಸರೊಂದನ್ನು ನುಂಗಿಬಿಟ್ಟರೆ ಅದನ್ನು ಅವಳೇ ತುಟಿಯಲ್ಲಿ ಆಡಿ ಪೂರ್ತಿ ಮಾಡುತ್ತಿದ್ದಳು.

ಅವಳಿಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಎಪ್ಪತ್ನಾಲ್ಕರಲ್ಲಿ ಅಜ್ಜಿ ಅನ್ನಾ ಸತ್ತಮೇಲೆ ಮನೆ ತೆರವು ಮಾಡಿದವಳು ಮೆಲಾನಿಯಾ. ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ, ತುಂಬ ಕಾಗದಗಳು, ಅವಳಿಗೆ ಓದಲು ಬಾರದ ಹಳೇ ದೇಶದ ಲಿಪಿ. ಅವಳಾಗ ಮೂವತ್ತರ ಹೆಂಗಸು, ಎಲ್ಲವನ್ನೂ ಚೊಕ್ಕಟ ಮಾಡುವ ಹುಮ್ಮಸ್ಸು. ಹಿತ್ತಲ ಪೀಪಾಯಿಯಲ್ಲಿ ಹಳೇ ಚಾಪೆ, ಹರಕು ಪರದೆಗಳ ಜೊತೆ ಅವನ್ನೂ ಸುರಿದು ಬೆಂಕಿ ಇಟ್ಟಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಏನಾದ್ರೂ ಬೇಕಿತ್ತಾ ಅಪ್ಪ?" ಎಂದು ಕೇಳಿದ್ದಕ್ಕೆ, "ಇರಲಿ ಬಿಡು," ಎಂದ. ಆ 'ಇರಲಿ ಬಿಡು' ಹದಿಮೂರು ವರ್ಷ ಸುಮ್ಮನಿದ್ದು ಕಳೆದ ಭಾನುವಾರದಿಂದ ಅವಳನ್ನು ಕಾಡುತ್ತಿತ್ತು. ತಡೆಯಬಹುದಿತ್ತಲ್ಲ ಅವನು? ಎರಡು ಹೆಜ್ಜೆ ಇಳಿದು ಬಂದಿದ್ದರೆ ಸಾಕಿತ್ತು. ಹಾಗೆಂದು ತಪ್ಪನ್ನು ಅವನ ತಲೆಗೆ ಕಟ್ಟಲು ನೋಡಿದ ತನ್ನ ಮನಸ್ಸಿನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ಮಿಸೆಸ್ ಪ್ರೈಸ್ ಒಂದೂವರೆ ಗಂಟೆ ಬಿಟ್ಟು ಹಲಗೆಯಷ್ಟು ದೊಡ್ಡ ಪುಸ್ತಕವೊಂದನ್ನು ತಂದು ಕೌಂಟರಿನ ಮೇಲೆ ಹಾಕಿದಳು. "ಸಿಕ್ಕಿತು. ಆದ್ರೆ ಇದು ತಿರಸ್ಕಾರವಾದದ್ದು. ಇವನ್ನ ಬೇರೆ ಕಡೆ ಕಟ್ಟಿ ಇಟ್ಟಿರ್ತಾರೆ."

ತಿರಸ್ಕಾರವಾದ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ಆಡುತ್ತಿರಲಿಲ್ಲ ಅಷ್ಟೆ. ಪುಟದಲ್ಲಿ ಟೈಪು ಮಾಡಿದ ಅಕ್ಷರ: ಮಿಹಾಲ್ ಟಿಮ್ಕೋ, ಗಣಿಗಾರ, 1908ರಲ್ಲಿ ಹಡಗಿನಿಂದ ಇಳಿದವನು. ಆಮೇಲೆ, ಪರೀಕ್ಷಿಸಿದ ಅಧಿಕಾರಿಯ ಮಾತು. 'ಹಡಗಿನ ಪಟ್ಟಿಯ ಪ್ರಕಾರ ಈತ ವಿವಾಹಿತ. ಯಾರೋವ್ಕ ಗ್ರಾಮದಲ್ಲಿ ಹೆಂಡತಿ ಪರಾಸ್ಕ, ಒಂದು ವರ್ಷದ ಮಗಳು ಹೆಲೆನಾ. ಹೆಂಡತಿ ತೀರಿಕೊಂಡಳೇ ಎಂದು ಕೇಳಲಾಗಿ ಇಲ್ಲ ಎಂದಿರುತ್ತಾನೆ. ಈಗ ಅನ್ನಾ ಎಂಬವಳೊಂದಿಗೆ ಸಂಸಾರ, ಒಬ್ಬ ಮಗ. ಸನ್ನಡತೆ ಸಾಬೀತಾಗಿಲ್ಲ. ಅರ್ಜಿ ತಿರಸ್ಕೃತ, 1929.' ಕೆಳಗೆ ಅಧಿಕಾರಿ ಗಟ್ಟಿಯಾಗಿ ಒತ್ತಿ ಬರೆದ ಸಹಿ.

ಆ ಒಬ್ಬ ಮಗನಿಗೆ, ಮೆಲಾನಿಯಾಳ ಅಪ್ಪ ನಿಕ್‌ಗೆ, ಆಗ ಎಂಟು ವರ್ಷ. ಕೋರ್ಟಿನಿಂದ ಬಂದ ತನ್ನಪ್ಪ ಟೋಪಿ ತೆಗೆಯದೆ ಹಿತ್ತಲಲ್ಲಿ ಕತ್ತಲಾಗುವವರೆಗೂ ಕೂತಿದ್ದ ಎಂದು ನಿಕ್ ಒಮ್ಮೆ ಕುಡಿದಾಗ ಹೇಳಿದ್ದ. ಸಾಕ್ಷಿ ಹೇಳಲು ಹೋಗಿದ್ದ ಇಬ್ಬರು ನೆರೆಯವರು ಬಾಯಿ ಮುಚ್ಚಿಕೊಂಡಾರೆಯೇ? ಗಣಿ ಸಾಲುಮನೆಗಳಲ್ಲಿ ಆ ವಾರವೇ ಸುದ್ದಿ ಹಬ್ಬಿತು. "ನಿಮ್ಮಪ್ಪಂಗೆ ಹೆಂಡ್ತೀರು ಎಷ್ಟೋ ನಿಕ್? ನೀನು ಯಾವಳ ಲೆಕ್ಕಕ್ಕೋ?" ನಿಕ್ ಹೊಡೆದ, ಹೊಡೆಸಿಕೊಂಡ, ಮೂಗು ಮುರಿದುಕೊಂಡ. ಆ ವಕ್ರ ಮೂಗು ಮೆಲಾನಿಯಾಗೆ ಚಿಕ್ಕಂದಿನಿಂದ ಅಪ್ಪನ ಗುರುತೇ ಆಗಿತ್ತು. ಅವನು ತನ್ನಪ್ಪನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ಅವಳು ಕೇಳಿಲ್ಲ. ಪಟ್ಟಿ ಓದಿಸಿದ, ಗೋರಿಗೆ ಹುಲ್ಲು ಕತ್ತರಿಸಿದ, ಅಷ್ಟೆ. ಹಳೇ ದೇಶದಲ್ಲಿ ಒಬ್ಬ ಹೆಂಗಸಿಗೆ, ಒಂದು ಮಗುವಿಗೆ ಕೈಕೊಟ್ಟು ಬಂದವನ ಮಗ ತಾನು, ಹುಟ್ಟಬಾರದ ಕಡೆ ಹುಟ್ಟಿದವನು ಎಂಬುದನ್ನು ಅರವತ್ತಾರರವರೆಗೂ ಹೊತ್ತ. ಹೆಸರು ನೋಡು ಎನ್ನುವಾಗ ಅವನು ಕೇಳುತ್ತಿದ್ದದ್ದು ಬರಿ ಹೆಸರನ್ನಲ್ಲ. ಆ ಹೆಸರಿನ ಹಿಂದೆ ತನಗೊಂದು ಕ್ಷಮೆ ಇದೆಯೇ ಎಂದು ಕೇಳುತ್ತಿದ್ದ.

"ಮುಗೀತಲ್ಲ?" ಎಂದಳು ಮಿಸೆಸ್ ಪ್ರೈಸ್.

ಮುಗಿದಿತ್ತು. ಗೊತ್ತಿದ್ದದ್ದೇ ಮತ್ತೊಮ್ಮೆ ಮುಖಕ್ಕೆ ರಾಚಿತ್ತು. ಮೆಲಾನಿಯಾ ಪುಸ್ತಕ ಮುಚ್ಚಲು ಹೋದವಳು ಮುಚ್ಚಲಾರದೆ ಅದರ ಮೇಲೆ ಎರಡೂ ಕೈ ಊರಿ ನಿಂತಳು. ಈರುಳ್ಳಿ ಕೈ, ಉಗುರ ಸಂದಿಯಲ್ಲಿ ಹಿಟ್ಟು. ಅಳು ಬಂತು. ಅದೂ ಎಂಥ ಅಳು, ಮೂಗಿನಲ್ಲಿ ನೀರಿಳಿಯುವ, ಕರವಸ್ತ್ರ ಸಿಗದ ಅಳು. "ನಮ್ಮಪ್ಪ ಆಮ್ಲಜನಕದ ಮೇಲಿದ್ದಾರೆ," ಎಂದಳು. ಹಾಗೆ ಹೇಳಿ ಕನಿಕರ ಗಿಟ್ಟಿಸುತ್ತಿದ್ದೇನಲ್ಲ ಎಂದು ಅಳುವಿನ ನಡುವೆಯೂ ನಾಚಿದಳು.

ಮಿಸೆಸ್ ಪ್ರೈಸ್ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಅವಳತ್ತ ನೂಕಿದಳು. "ನಮ್ಮ ಮಾವನೂ ಸಿಲಿಂಡರ್ ಜೊತೆಗೇ ಊಟಕ್ಕೆ ಕೂತ್ಕೋತಾರೆ," ಎಂದಳು, ಹವೆಯ ಮಾತಾಡುವ ಹಾಗೆ. ಆಮೇಲೆ ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ಕನ್ನಡಕ ಸರಿಮಾಡಿಕೊಂಡಳು. ಮೇಲಿನ ಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಅಂಕಿ. "ತಾಳಿ. ಇದು ಪುಟದ ನಂಬರಲ್ಲ. ಯಾರೋ ಆಮೇಲೆ ಗುರುತು ಹಾಕಿದ್ದಾರೆ. ಇದೇ ಮನುಷ್ಯ ಇನ್ನೊಂದು ಅರ್ಜಿ ಹಾಕಿರಬೇಕು, ಬೇರೆ ಅಕ್ಷರದ ಕೆಳಗೆ." ಗಡಿಯಾರ ನೋಡಿದಳು, ನಾಲ್ಕಾಗುತ್ತ ಬಂದಿತ್ತು. "ನೆಲಮಾಳಿಗೆಗೆ ಇಳೀಬೇಕು. ಒಳ್ಳೇ ಶುಕ್ರವಾರ ನೋಡ್ಕೊಂಡು ಬಂದ್ರಿ." ಬೀಗದ ಕೈ ಗೊಂಚಲು ತೆಗೆದುಕೊಂಡು ಹೋದಳು.

ಅವಳು ತಂದದ್ದು ಪುಸ್ತಕವಲ್ಲ, ಒಂದು ಕಂದು ಲಕೋಟೆ. 1941. 'ಹವ್ರಿಲೋ ಬಿಲಾಕ್, ಮಿಹಾಲ್ ಟಿಮ್ಕೋ ಎಂದು ಕರೆಯಲ್ಪಡುವವನು.' ಮೆಲಾನಿಯಾ ಆ ಹೆಸರನ್ನು ಬೆರಳಿಟ್ಟು ಓದಿದಳು. ಯುದ್ಧದ ಕಾಲ, ಪರದೇಶದಿಂದ ಬಂದವರೆಲ್ಲ ಬೆರಳಚ್ಚು ಕೊಟ್ಟು ಪ್ರಮಾಣ ಮಾಡಿ ಹೇಳಬೇಕಾಗಿದ್ದ ಕಾಲ. ಕೆಮ್ಮಿ ಕೆಮ್ಮಿ ಗಣಿ ಬಿಟ್ಟಿದ್ದ ಅಜ್ಜನಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವೋ, ಹೆದರಿಕೆಯೋ. ಯಾವನೋ ಗುಮಾಸ್ತ ಬರೆದುಕೊಂಡ ಎರಡು ಪುಟದ ಹೇಳಿಕೆ, ಕೊನೆಯಲ್ಲಿ ಸಹಿಯ ಬದಲು ಮೂರು ಅಡ್ಡಗೆರೆಯ ಶಿಲುಬೆಯ ಗುರುತು. ಮೇಲೊಂದು ಮುದ್ರೆ: 'ಅರ್ಜಿದಾರ ಮೃತ. ವಜಾ.'

'ನಾನು ಮಿಹಾಲ್ ಟಿಮ್ಕೋನ ಕೈಕೆಳಗೆ ಕಲ್ಲಿದ್ದಲು ತುಂಬುವ ಕೂಲಿಯಾಗಿದ್ದೆನು. ಇಬ್ಬರೂ ಒಂದೇ ಬಾಡಿಗೆ ಮನೆಯಲ್ಲಿ ಒಂದೇ ಹಾಸಿಗೆ ಹಂಚಿಕೊಂಡಿದ್ದೆವು. 1913ರಲ್ಲಿ ಚಾವಣಿಯ ಕಲ್ಲು ಕುಸಿದು ಅವನು ನನ್ನ ಕಣ್ಣೆದುರು ಸತ್ತನು. ಮುಖ ಗುರುತು ಸಿಗುವಂತಿರಲಿಲ್ಲ. ಅವನ ಕೋಟಿನಲ್ಲಿ ಗಣಿಗಾರನ ಪರವಾನಗಿ ಇತ್ತು. ಪರವಾನಗಿ ಇಲ್ಲದವನು ಸಾಯುವವರೆಗೂ ಕೂಲಿಯೇ. ಮೇಸ್ತ್ರಿ ಬಂದು ಸತ್ತವನು ಯಾರು ಎಂದು ಕೇಳಲು, ಹವ್ರಿಲೋ ಬಿಲಾಕ್ ಎಂದೆನು. ನನ್ನ ಹೆಸರಿನಲ್ಲಿ ಅವನನ್ನು ಹೂಳಿದರು. ನಾನು ಬೆಟ್ಟದಾಚೆಯ ಗಣಿಗೆ ಹೋಗಿ ಮಿಹಾಲ್ ಆದೆನು.'

ಆ ಪರವಾನಗಿಗಳು ಸತ್ತವನ ಕೋಟಿನಿಂದ ಬದುಕಿದವನ ಕೋಟಿಗೆ ದಾಟುತ್ತಿದ್ದದ್ದು ಸಾಲುಮನೆಯವರಿಗೆಲ್ಲ ಗೊತ್ತಿದ್ದ ವಿಷಯವೇ. ಗುದ್ದಲಿ ಎರವಲು ಪಡೆದಷ್ಟು ಹಗುರವಾಗಿ ಮುದುಕರು ಆ ಮಾತಾಡುತ್ತಿದ್ದರು. ಕಾಗದ ಎರವಲು ತಂದರೆ ಅದರ ಹಿಂದೆ ಒಬ್ಬ ಹೆಂಡತಿಯೂ ಬರುತ್ತಾಳೆ ಎಂದು ಯಾರು ಯೋಚಿಸಿದ್ದರು? ಹಡಗಿನ ಪಟ್ಟಿ ಹದಿನಾರು ವರ್ಷ ಬಿಟ್ಟು ಬಂದು ಸತ್ತವನ ಹೆಂಡತಿಯನ್ನು ಬದುಕಿದವನ ಕೊರಳಿಗೆ ಕಟ್ಟಿತ್ತು. ಅವಳು ನನ್ನವಳಲ್ಲ ಎಂದರೆ ಪರವಾನಗಿ ಹೋಗುತ್ತದೆ, ಸೆರೆಮನೆಯೂ ಆಗುತ್ತದೆ. ಸತ್ತಳು ಎಂದರೆ ಊರಿಗೆ ಬರೆದು ವಿಚಾರಿಸಿಯಾರು. ನನ್ನವಳು ಎಂದರೆ ಮಾನ ಹೋಗುತ್ತದೆ. ಅಜ್ಜ ಮಾನವನ್ನು ಕೊಟ್ಟ. 'ನನ್ನ ಹೆಂಡತಿ ಅನ್ನಾಳಿಗೆ ಮದುವೆಯ ದಿನವೇ ಇದನ್ನು ತಿಳಿಸಿರುತ್ತೇನೆ,' ಎಂದೂ ಇತ್ತು. ಹಾಗಾದರೆ ಅಜ್ಜಿಗೆ ಗೊತ್ತಿತ್ತು. ಮೂಗಿನಿಂದ ರಕ್ತ ಸುರಿಸಿಕೊಂಡು ಬಂದ ಮಗನ ಮುಖ ಒರೆಸುತ್ತ, ತಾನು ಒಬ್ಬಳೇ ಹೆಂಡತಿ ಎಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಎಂಟು ವರ್ಷದ ಹುಡುಗನ ಬಾಯಿಗೆ ಬೀಗ ಹಾಕುವುದು ಹೇಗೆ ಎಂಬ ಹೆದರಿಕೆಗೆ ಹುಡುಗನ ಮನಸ್ಸನ್ನೇ ಸುಟ್ಟಳು.

ಮೆಲಾನಿಯಾಗೆ ಒಂದು ಕ್ಷಣ ಎದೆ ಹಗುರಾಯಿತು. ಅಪ್ಪನಿಗೆ ಹೇಳಬಹುದು. ನೀನು ಸರಿಯಾದ ಕಡೆಯೇ ಹುಟ್ಟಿದವನು, ಯಾರಿಗೂ ಯಾರೂ ಕೈಕೊಡಲಿಲ್ಲ ಎನ್ನಬಹುದು. ಆಮೇಲೆ ಎರಡನೇ ಪುಟ ತಿರುಗಿಸಿದಳು.

'ಮಿಹಾಲ್‌ನ ಹೆಂಡತಿಯ ಕಾಗದಗಳನ್ನು ವಿಷಯ ಬಲ್ಲ ಬಾಡಿಗೆ ಮನೆಯಾಕೆ ನನಗೆ ಕಳುಹಿಸುತ್ತಿದ್ದಳು. ಉತ್ತರ ಬರದಿದ್ದರೆ ಊರಿನ ಪಾದ್ರಿ ವಿಚಾರಿಸಿಯಾನು ಎಂಬ ಭಯದಿಂದ ಓದುಬರಹ ಬಲ್ಲ ಒಬ್ಬನ ಕೈಯಲ್ಲಿ ಉತ್ತರ ಬರೆಸುತ್ತಿದ್ದೆನು. ಬರುತ್ತೇನೆ ಎಂದು ಬರೆಸುತ್ತಿದ್ದೆನು. ಹದಿನೇಳು ವರ್ಷ ಬರೆಸಿದೆನು. ಅಷ್ಟರಲ್ಲಿ ಅವಳೇ ಬರೆಯುವುದನ್ನು ನಿಲ್ಲಿಸಿದಳು. ನನ್ನ ಊರಿನಲ್ಲಿ ನನ್ನ ತಾಯಿ ನನ್ನ ಹೆಸರನ್ನು ಸತ್ತವರ ಪಟ್ಟಿಗೆ ಸೇರಿಸಿದಳೆಂದು ಊರಿನವರಿಂದ ತಿಳಿಯಿತು. ನಾನು ಬದುಕಿದ್ದೇನೆ ಎಂದು ಅವಳಿಗೂ ತಿಳಿಸಲಿಲ್ಲ.'

ಅಟ್ಟದ ಆ ಡಬ್ಬಿ ತುಂಬ ಇದ್ದದ್ದು ಪರಾಸ್ಕ ಎಂಬ ವಿಧವೆ ತಾನು ವಿಧವೆಯೆಂದು ತಿಳಿಯದೆ ಸತ್ತ ಗಂಡನಿಗೆ ಬರೆದ ಕಾಗದಗಳು. ಇನ್ನೊಂದು ಮದುವೆಯಾಗಬಹುದಿತ್ತು ಅವಳು. ಅಳಬಹುದಿತ್ತು, ಕೊನೇ ಪಕ್ಷ. ಗಂಡನ ಹೆಸರನ್ನು ತನ್ನ ಊರಿನ ಚರ್ಚಿನಲ್ಲಿ ಓದಿಸಬಹುದಿತ್ತು. ಅವೆಲ್ಲವನ್ನೂ ಅಜ್ಜ ಕಸಿದುಕೊಂಡ, ಉಳಿದದ್ದಕ್ಕೆ ಮೊಮ್ಮಗಳು ಬೆಂಕಿ ಇಟ್ಟಳು. ಮಿಸೆಸ್ ಪ್ರೈಸ್ ಕೇಳದೆಯೇ ಎರಡೂ ಪುಟಗಳ ನಕಲು ತೆಗೆದುಕೊಟ್ಟು, "ಹೋಗಿ, ಅವರು ಎಚ್ಚರವಾಗಿರುವಾಗಲೇ ಹೋಗಿ," ಎಂದಳು.

ಆಸ್ಪತ್ರೆಯ ಮೂರನೇ ಮಹಡಿಗೆ ಮೆಟ್ಟಿಲು ಹತ್ತುವಾಗ ಅವಳು ನಿರ್ಧರಿಸಿದ್ದು ಇಷ್ಟು: ಮೊದಲ ಪುಟ ಹೇಳುವುದು, ಎರಡನೆಯದನ್ನು ಕೈಚೀಲದಲ್ಲೇ ಬಿಡುವುದು. ಸಾಯುವವನಿಗೆ ಅರ್ಧ ಸತ್ಯ ಸಾಕು. ಕಿಟಕಿಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಅಪ್ಪ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದ. ಮುಖವಾಡ ಎತ್ತಿದ. "ಸಿಕ್ತಾ?"

"ಸಿಕ್ತು ಅಪ್ಪ. ಹವ್ರಿಲೋ. ಹವ್ರಿಲೋ ಬಿಲಾಕ್."

ಅವನು ತುಟಿಯಲ್ಲೇ ಅದನ್ನು ಆಡಿ ನೋಡಿದ. ಅವಳು ಕಾದಳು. ಈ ಮುಖದಲ್ಲಿ ಏನೋ ಬಿಚ್ಚಿಕೊಳ್ಳುತ್ತದೆ ಎಂದು ಐದು ದಿನ ನಿದ್ದೆಗೆಟ್ಟಿದ್ದಳು. ಏನೂ ಆಗಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನ ಹೆಸರು ಕೇಳಿದಂತೆ ತಲೆಯಾಡಿಸಿದ.

"ಯಾರಪ್ಪಾ ಅದು," ಎಂದ. "ನಾನು ಬೈದದ್ದು ಮಿಹಾಲ್‌ನ. ಇವನ್ಯಾರೋ ನನಗೆ ಗೊತ್ತಿಲ್ಲ."

"ಅಜ್ಜಿ ಒಬ್ಬಳೇ ಅವರ ಹೆಂಡ್ತಿ ಅಪ್ಪ. ಇನ್ಯಾರೂ ಇರಲಿಲ್ಲ. ಅವರು ಯಾರನ್ನೂ ಬಿಟ್ಟು ಬಂದಿರಲಿಲ್ಲ." ಮೊದಲ ಪುಟ ಓದಿದಳು. ಕಲ್ಲು, ಪರವಾನಗಿ, ಮೇಸ್ತ್ರಿ. ಅವನು ಕಣ್ಣು ಮುಚ್ಚಿ ಕೇಳಿದ. ಕಣ್ಣಿನ ಮೂಲೆಯಿಂದ ನೀರು ಇಳಿದು ಮುಖವಾಡದ ರಬ್ಬರಿನ ಕೆಳಗೆ ಹೋಯಿತು. ಅವಳಿಗೆ ಸಮಾಧಾನವಾಯಿತು. ಇಷ್ಟೇ ಸಾಕು, ಇಲ್ಲಿಗೇ ನಿಲ್ಲಿಸಬಹುದು ಎಂದುಕೊಂಡಳು.

"ಅವಳಿಗೆ ಯಾರು ಹೇಳಿದ್ರು?" ಎಂದ ಅಪ್ಪ.

"ಯಾರಿಗೆ?"

"ಸತ್ತವನ ಹೆಂಡ್ತಿಗೆ. ಪರಾಸ್ಕಾಗೆ. ಗಂಡ ಸತ್ತ ಅಂತ ಯಾರು ಹೇಳಿದ್ರು?"

ಮೆಲಾನಿಯಾ ಬಾಯಿ ತೆರೆದಳು. ಸುಳ್ಳು ಸಿದ್ಧವಾಗಿತ್ತು, ಪಾದ್ರಿ ಬರೆದಿರಬೇಕು ಎನ್ನುವ ಸಣ್ಣ ಸುಳ್ಳು. ಅಪ್ಪನ ಕಣ್ಣು ಅವಳ ಕೈಚೀಲದ ಮೇಲಿತ್ತು. "ಇನ್ನೊಂದು ಹಾಳೆ ಇದೆಯಲ್ಲ. ಓದು," ಎಂದ. ಓದಿದಳು. ಡಬ್ಬಿಯ ಮಾತನ್ನೂ ಹೇಳಿದಳು. ಅವು ಯಾರ ಕಾಗದ ಎಂದು ತನಗೆ ಗೊತ್ತಿರಲಿಲ್ಲ ಎಂದಳು.

"ಆ ಹೆಂಗಸಿನ ಕಾಗದ ಅಂತ ನನಗೆ ಗೊತ್ತಿತ್ತು," ಎಂದ ಅವನು. "ಉರೀಲಿ ಅಂತಲೇ ಸುಮ್ಮನೆ ನಿಂತಿದ್ದೆ."

ಅಪ್ಪ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. "ಆ ಮಗು. ಹೆಲೆನಾ. ಈಗ ಎಂಬತ್ತು."

"ಇದ್ದರೆ."

"ಇದ್ದಾಳೆ ಅಂತ್ಲೇ ತಿಳ್ಕೋ. ಹಾಳೆ ತಗೋ, ಬರೆ. ಪಾದ್ರಿಗಳು ಅವರ ಭಾಷೆಗೆ ಮಾಡಿಕೊಡ್ತಾರೆ. ಯಾರೋವ್ಕ ಅಂತ ಹಾಕಿದ್ರೆ ಯಾರಾದ್ರೂ ತಲುಪಿಸ್ತಾರೆ." ಅವಳು ನಕಲು ಹಾಳೆಯ ಹಿಂಬದಿ ತಿರುಗಿಸಿ ಮಂಡಿಯ ಮೇಲಿಟ್ಟುಕೊಂಡಳು. ಅಪ್ಪ ಮುಖವಾಡ ಪೂರ್ತಿ ತೆಗೆದುಬಿಟ್ಟ. ಅವಳು ಬೇಡ ಎಂದಳು, ಅವನು ಕೇಳಲಿಲ್ಲ. ಒಂದೊಂದು ಉಸಿರಿಗೆ ಒಂದೊಂದು ಸಾಲು.

"ಹೆಲೆನಾ, ನಿಮ್ಮಪ್ಪ ನಿನ್ನನ್ನ ಬಿಟ್ಟುಹೋಗಲಿಲ್ಲ. ಅವನು ಸತ್ತ. ನಿನಗೆ ಆರು ವರ್ಷ ಆಗಿದ್ದಾಗ ಸತ್ತ. ಆಮೇಲೆ ಬಂದ ಕಾಗದ ಯಾವುದೂ ಅವನದ್ದಲ್ಲ. ಅದನ್ನ ಬರೆಸಿದವನು ನನ್ನಪ್ಪ. ಬರ್ತೀನಿ ಅಂತ ಹೇಳಿ ಬರದೇ ಇದ್ದವನು ನಿಮ್ಮಪ್ಪ ಅಲ್ಲ." ತುಟಿ ನೀಲಿಯಾಗತೊಡಗಿತ್ತು. ಅವಳು ಮುಖವಾಡ ಹಿಡಿದು ಅವನ ಮೂಗಿಗೆ ಒತ್ತಿದಳು. ನಾಲ್ಕು ಉಸಿರು ಎಳೆದುಕೊಂಡು ಅದನ್ನು ಮತ್ತೆ ಸರಿಸಿದ. "ನಿಮ್ಮಪ್ಪನ ಹೆಸರನ್ನ ನಾವು ಇಲ್ಲಿ ವರ್ಷಾ ವರ್ಷಾ ಓದಿಸಿದ್ದೀವಿ. ಗೊತ್ತಿಲ್ಲದೆ ಓದಿಸಿದ್ದು. ಆದ್ರೂ ಓದಿಸಿದ್ದೀವಿ. ಅಷ್ಟು ಸಾಕು. ಪೆನ್ನು ಕೊಡು, ಸಹಿ ನಾನೇ ಹಾಕ್ತೀನಿ."

ಅವಳು ಹಾಳೆಯನ್ನು ಒಂದು ತಟ್ಟೆಯ ಮೇಲಿಟ್ಟು ಅವನ ಎದೆಯ ಹತ್ತಿರ ಹಿಡಿದಳು. ಅಕ್ಷರ ಸರಾಗವಾಗಿ ಓಡಿತು. ನಿಕೊಲಸ್ ಎಂದು ಬರೆದ, ಬಿಡದೆ ಅದೇ ಓಟದಲ್ಲಿ ಟಿಮ್ಕೋ ಎಂದು ಶುರುಮಾಡಿ, ಮೊದಲ ಅಕ್ಷರದ ಅಡ್ಡಗೆರೆ ಎಳೆದು ನಿಂತುಬಿಟ್ಟ.

"ಇದು ಹೆಲೆನಾಳ ಮನೆ ಹೆಸರಲ್ವಾ," ಎಂದ.

"ಇರಲಿ ಅಪ್ಪ. ಅವರಿಗೆ ಅರ್ಥವಾಗತ್ತೆ."

"ಇಲ್ಲ. ಇನ್ನೊಂದು. ಅದನ್ನ ಬರೆದು ತೋರಿಸು."

ಹಾಳೆಯ ಅಂಚಿನಲ್ಲಿ ಅವಳು ದಪ್ಪ ಅಕ್ಷರಗಳಲ್ಲಿ ಬಿಲಾಕ್ ಎಂದು ಬರೆದಳು. ಅವನು ಅದನ್ನು ನೋಡಿದ. ಪೆನ್ನನ್ನು ಗಟ್ಟಿಯಾಗಿ ಹಿಡಿದು, ತುದಿಯನ್ನು ಹಾಳೆಗೆ ತಾಗಿಸಿ, ಅಲ್ಲೇ ಒಂದು ಶಾಯಿಯ ಚುಕ್ಕೆ ದೊಡ್ಡದಾಗುವವರೆಗೂ ಹಿಡಿದಿದ್ದ. ಅವಳು ಅವನ ಮಣಿಕಟ್ಟನ್ನು ಹಿಡಿಯಲು ಹೋದಳು, ಅವನು ಬಿಡಿಸಿಕೊಂಡ.

"ನನಗೆ ಬರ್ತಿಲ್ಲ ಮೆಲ್ಲಿ," ಎಂದ.